ಕೆಳಗಿನ ಶೆಲ್ಫಿನ ಸೆನ್ಸರ್

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಬೋರ್ಡಮ್ಮ ಎನ್ನುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. ಹೊಸ ಸರ್ಕ್ಯೂಟ್ ಬೋರ್ಡು ಬಂದಾಗ ಅದನ್ನು ಮೂಗಿನ ಹತ್ತಿರ ಹಿಡಿದು, ಟಾರ್ಚು ಬಿಟ್ಟು, ಒಂದೊಂದೇ ಬಿಡಿಭಾಗವನ್ನು ಬೆರಳ ತುದಿಯಿಂದ ಮುಟ್ಟಿ ನೋಡದೆ ಅವಳು ಕಂಪ್ಯೂಟರಿನ ಮುಂದೆ ಕೂರುತ್ತಿರಲಿಲ್ಲ. ಐವತ್ತರ ಹತ್ತಿರದ ಸಣಕಲು ಹೆಂಗಸು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ನೇತುಹಾಕಿಕೊಂಡಿರುತ್ತಿದ್ದಳು. ಸಿಟ್ಟು ಬಂದರೆ ದನಿ ಏರುವ ಬದಲು ಇಳಿಯುತ್ತಿತ್ತು, ಅದಕ್ಕೇ ಜನ ಹೆದರುತ್ತಿದ್ದರು.

ಅವಳಪ್ಪ ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದವನು. ಎಲೆಕ್ಟ್ರಾನಿಕ್ಸ್ ಓದಿದ ಅವಳಿಗೆ ಮೊದಲು ಸಿಕ್ಕಿದ್ದು ಬೆಸುಗೆ ಹಾಕುವ ಮೇಜಿನ ಕೆಲಸ. ಪ್ರೋಗ್ರಾಂ ಬರೆಯುವುದನ್ನು ಕಲಿತದ್ದು ಆಮೇಲೆ, ಮದುವೆಯಾದ ಮೇಲೆ, ಗಂಡ ಗಣಿತದ ಪಾಠಕ್ಕೆ ತಯಾರಾಗುತ್ತಿದ್ದ ಮೇಜಿನ ಇನ್ನೊಂದು ತುದಿಯಲ್ಲಿ ಕೂತು. ಅವಳು ಆ ಮನೆಗೆ ಬಂದಾಗ ನಾದಿನಿ ಇನ್ನೂ ಎರಡು ಜಡೆಯ ಹುಡುಗಿ. ಅವಳ ತಲೆ ಬಾಚಿದ್ದು, ಪರೀಕ್ಷೆಗೆ ಓದಿಸಿದ್ದು, ಫೇಲಾದಾಗ ಅತ್ತೆಯ ಬೈಗುಳಕ್ಕೆ ಅಡ್ಡ ನಿಂತದ್ದು ಎಲ್ಲಾ ಈ ಅತ್ತಿಗೆಯೇ. ಈಗ ನಾದಿನಿ ಊರಿನ ದೊಡ್ಡ ಆಸ್ಪತ್ರೆಯ ರಕ್ತನಿಧಿಯಲ್ಲಿ ಟೆಕ್ನಿಷಿಯನ್. ಮದುವೆ ಬೇಡವೆಂದು ಪಟ್ಟು ಹಿಡಿದು ಅಣ್ಣನ ಮನೆಯಲ್ಲೇ ಉಳಿದಿದ್ದಳು.

ಬೋರ್ಡಮ್ಮನ ಕಾರ್ಖಾನೆ ಚಿಕ್ಕದು. ರಕ್ತನಿಧಿ, ಔಷಧದ ಮಳಿಗೆ ಇಂಥ ಕಡೆ ಇಡುವ ಫ್ರಿಜ್ಜುಗಳನ್ನು ನಡೆಸುವ ಕಂಟ್ರೋಲ್ ಬೋರ್ಡು ಅಲ್ಲಿ ತಯಾರಾಗುತ್ತಿತ್ತು. ಇಂಥ ಬೋರ್ಡಿನಲ್ಲಿ ಓಡುವ ಸಾಫ್ಟ್‌ವೇರಿಗೆ ಕಣ್ಣಿಲ್ಲ. ಸುತ್ತ ಏನೇನಿದೆ ಎಂದು ಅದು ತಾನಾಗಿ ನೋಡಿ ತಿಳಿಯಲಾರದು. ಅದಕ್ಕಾಗಿ ಡಿವೈಸ್ ಟ್ರೀ ಎಂಬ ಫೈಲನ್ನು ಬರೆದಿಡುತ್ತಾರೆ. ಇಲ್ಲಿ ತಾಪ ಅಳೆಯುವ ಒಂದು ಸೆನ್ಸರ್ ಇದೆ, ಅಲ್ಲಿ ಬೇರೆ ಯಂತ್ರವನ್ನು ತಂತಿಯಿಂದ ಜೋಡಿಸುವ ಸೀರಿಯಲ್ ಪೋರ್ಟ್ ಇದೆ, ಇಂಥದ್ದು ಚಿಪ್‌ನ ಇಂಥ ಪಿನ್ನಿಗೆ, ಅಂದರೆ ಕಾಲಿಗೆ, ಸೇರಿದೆ ಎಂಬ ವಿವರಣೆಯೆಲ್ಲ ಅದರಲ್ಲಿರುತ್ತದೆ. ಪ್ರತಿ ವಿವರಣೆಯಲ್ಲೂ ಸ್ಟೇಟಸ್ ಎಂಬ ಒಂದು ಸಾಲು. ಅಲ್ಲಿ ‘ಓಕೆ’ ಎಂದಿದ್ದರೆ ಸಾಫ್ಟ್‌ವೇರು ಆ ಭಾಗವನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುತ್ತದೆ. ‘ಡಿಸೇಬಲ್ಡ್’ ಎಂದಿದ್ದರೆ ಅದು ಭೂಮಿಯ ಮೇಲೇ ಇಲ್ಲವೇನೋ ಎಂಬಂತೆ ದಾಟಿಕೊಂಡು ಹೋಗುತ್ತದೆ.

ಬೋರ್ಡಮ್ಮನಿಗೆ ಆ ಸಾಲಿನ ವಿಷಯದಲ್ಲಿ ಮುಲಾಜಿರಲಿಲ್ಲ. ಭಾಗ ಬೋರ್ಡಿನ ಮೇಲಿದ್ದರೆ ಓಕೆ, ಇಲ್ಲದಿದ್ದರೆ ಡಿಸೇಬಲ್ಡ್. ಇರುವ ಭಾಗ ತಂಟೆ ಮಾಡುತ್ತಿದೆ ಎಂದು ಅದನ್ನು ಇಲ್ಲ ಎಂದು ಬರೆಯುವುದು ಅವಳ ಪಾಲಿಗೆ ಶುದ್ಧ ಸುಳ್ಳು. ಸಹೋದ್ಯೋಗಿಗಳು ನಗುತ್ತಿದ್ದರು. “ಬೋರ್ಡಮ್ಮ ಕೋರ್ಟಿನಲ್ಲಿ ಇರಬೇಕಾಗಿತ್ತು” ಎನ್ನುತ್ತಿದ್ದರು.

ಆ ದಿನ ಅವಳು ಕಾರ್ಖಾನೆಯ ಮೆಟ್ಟಿಲು ಹತ್ತುತ್ತಿರುವಾಗಲೇ ನಾದಿನಿಯ ಫೋನು ಬಂತು. ಹಿನ್ನೆಲೆಯಲ್ಲಿ ಕೀರಲು ದನಿಯ ಅಲಾರಂ ಕೇಳುತ್ತಿತ್ತು.

“ಅತ್ತಿಗೆ, ನಿಮ್ಮ ಹೊಸ ಫ್ರಿಜ್ಜು ಬೆಳಗ್ಗೆಯಿಂದ ಕೂಗ್ತಾನೇ ಇದೆ. ಪರದೆ ಆರಿಹೋಗುತ್ತೆ, ಮತ್ತೆ ಹತ್ತಿಕೊಳ್ಳುತ್ತೆ, ‘ಕೆಳಗಿನ ಸೆನ್ಸರ್ ಸಿಗುತ್ತಿಲ್ಲ’ ಅನ್ನುತ್ತೆ, ಮತ್ತೆ ಕೂಗುತ್ತೆ.”

“ಎಷ್ಟು ಸಲ ಆಯ್ತು?”

“ಲೆಕ್ಕ ಇಟ್ಟವರ್ಯಾರು. ನನ್ನ ಕಿವಿ ಸತ್ತುಹೋಗಿದೆ.” ನಾದಿನಿ ದನಿ ತಗ್ಗಿಸಿದಳು. “ಅತ್ತಿಗೆ, ಹಳೇ ಫ್ರಿಜ್ಜು ರಿಪೇರಿಗೆ ಹೋಗಿದೆ. ಇರೋ ಬರೋ ರಕ್ತ ಎಲ್ಲಾ ಇದರೊಳಗೇ ಇದೆ. ಮಧ್ಯಾಹ್ನ ಒಬ್ಬ ಹೆಂಗಸಿಗೆ ಹೃದಯದ ಆಪರೇಷನ್. ಅವಳದ್ದು ಎಲ್ಲೂ ಸಿಗದ ಗುಂಪು. ನಾಲ್ಕು ಊರಿಂದ ಜನ ಬಂದು ಕೊಟ್ಟುಹೋಗಿದ್ದಾರೆ. ಇದು ಹೀಗೇ ಕೂಗ್ತಾ ಇದ್ರೆ ನಮ್ಮ ಡಾಕ್ಟರಮ್ಮ ಒಂದು ಚೀಲಾನೂ ಹೊರಗೆ ಬಿಡಲ್ಲ. ಫ್ರಿಜ್ಜು ತಗೊಳ್ಳಿ ಅಂತ ಹೇಳಿದ್ದು ನಾನು, ಗೊತ್ತಲ್ಲ ನಿಮಗೆ.”

ಬೋರ್ಡಮ್ಮನಿಗೆ ಗೊತ್ತಿತ್ತು. ಆ ಆಸ್ಪತ್ರೆ ಇವರ ಫ್ರಿಜ್ಜು ಕೊಂಡದ್ದೇ ನಾದಿನಿಯ ಮಾತಿನ ಮೇಲೆ.

ಅವಳು ಮೇಲೆ ಹೋಗುವಷ್ಟರಲ್ಲಿ ಸುದ್ದಿ ಮ್ಯಾನೇಜರಿಗೂ ಮುಟ್ಟಿತ್ತು. ಅವನು ಅವಳಿಗಿಂತ ಚಿಕ್ಕವನು, ಸಭ್ಯ, ಯಾರ ಮೇಲೂ ಹಾರಾಡಿದವನಲ್ಲ. ಆದರೆ ಅಂದು ಕಾರ್ಖಾನೆಯ ಯಜಮಾನರು ಒಂದೇ ಸಮನೆ ಫೋನು ಮಾಡುತ್ತಿದ್ದರು. ಅವನ ಅಂಗಿಯ ಕಂಕುಳು ಆಗಲೇ ಒದ್ದೆಯಾಗಿತ್ತು.

“ಮೇಡಂ, ಹೋದ ವಾರದ ಅಪ್‌ಡೇಟ್ ಆ ಫ್ರಿಜ್ಜಿಗೆ ನಿನ್ನೆ ರಾತ್ರಿ ಹೋಯ್ತು, ಅದಾದಮೇಲೆ ಶುರುವಾಗಿದ್ದು ಇದು. ಸರ್ವಿಸ್‌ನವನನ್ನ ಓಡಿಸಿದ್ದೀನಿ, ಅವನು ಅಲ್ಲೇ ಇದ್ದಾನೆ. ಈಗ ಒಂದು ಕೆಲಸ ಮಾಡಿ. ಕೆಳಗಿನ ಸೆನ್ಸರನ್ನ ಡಿವೈಸ್ ಟ್ರೀನಲ್ಲಿ ಡಿಸೇಬಲ್ ಮಾಡಿ ಕಳಿಸಿಬಿಡಿ. ಹಳೇ ಮಾಡೆಲಿನಲ್ಲಿ ಆ ಸೆನ್ಸರೇ ಇಲ್ಲ, ಆದ್ರೂ ಅವು ನಡೀತಾ ಇಲ್ವಾ?”

“ಹಳೇ ಮಾಡೆಲ್ ಕುಳ್ಳ ಸರ್. ಇದು ಆಳೆತ್ತರ. ತಂಪು ತಳದಲ್ಲಿ ಕೂತುಬಿಡುತ್ತೆ ಅಂತಾನೇ ಕೆಳಗೊಂದು ಸೆನ್ಸರ್ ಹಾಕಿದ್ದು.”

“ಒಂದು ದಿನದ ಮಟ್ಟಿಗೆ.”

“ಸೆನ್ಸರ್ ಇದೆ ಸರ್ ಅಲ್ಲಿ. ಇರೋದನ್ನ ಇಲ್ಲ ಅಂತ ಹೇಗೆ ಬರೀಲಿ?”

“ನನಗೂ ಮನಸ್ಸಿಲ್ಲ ಮೇಡಂ.” ಅವನು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತ. “ಆದ್ರೆ ಈಗ ಆ ಕೂಗು ನಿಲ್ಲಬೇಕು. ಆಪರೇಷನ್ ತಪ್ಪಿದ್ರೆ ಯಾರು ಉತ್ತರ ಕೊಡೋದು? ನೀವಾ, ನಾನಾ?”

ಅವಳು ಪರೀಕ್ಷೆಯ ಮೇಜಿನ ಮೇಲಿದ್ದ ಬೋರ್ಡಿಗೆ ಕರೆಂಟು ಕೊಟ್ಟಳು. ಅದೇ ಮಾಡೆಲು, ಅದೇ ಅಪ್‌ಡೇಟು. ಅದು ಜಾಣ ಮಗುವಿನಂತೆ ಎದ್ದು ಎರಡೂ ಸೆನ್ಸರುಗಳನ್ನು ತೋರಿಸಿತು. ಆರಿಸಿ ಮತ್ತೆ ಹಚ್ಚಿದಳು. ಮತ್ತೆ ಸರಿಯಾಗಿಯೇ ಎದ್ದಿತು. ಎಷ್ಟು ಸಲ ಮಾಡಿದರೂ ಅಷ್ಟೇ. ಮೈಯಲ್ಲಿ ಜ್ವರವಿದ್ದವರು ಡಾಕ್ಟರ ಎದುರು ಕೂತ ಕೂಡಲೇ ಮೈ ತಣ್ಣಗಾದರೆ ಹೇಗೋ ಹಾಗಾಯಿತು ಅವಳಿಗೆ.

ಫೋನು ಮತ್ತೆ ಹೊಡೆದುಕೊಂಡಿತು. ಈ ಸಲ ನಾದಿನಿಯ ದನಿ ನಡುಗುತ್ತಿತ್ತು.

“ಡಾಕ್ಟರಮ್ಮ ಬಂದು ಎಲ್ಲರ ಮುಂದೆ ಬಯ್ದು ಹೋದ್ರು. ಆಪರೇಷನ್ ಥಿಯೇಟರಿನವರು ಆಗಲೇ ಎರಡು ಸಲ ಕೇಳಿದ್ರು. ಅತ್ತಿಗೆ, ದಮ್ಮಯ್ಯ ಅಂತೀನಿ. ಏನಾದ್ರೂ ಮಾಡಿ ಇದರ ಬಾಯಿ ಮುಚ್ಚಿಸಿ.”

ಆ ಹುಡುಗಿ ದಮ್ಮಯ್ಯ ಎಂದದ್ದನ್ನು ಅವಳು ಯಾವತ್ತೂ ಕೇಳಿರಲಿಲ್ಲ. ಪರೀಕ್ಷೆಯಲ್ಲಿ ಫೇಲಾದಾಗಲೂ ಅಂದಿರಲಿಲ್ಲ. ಬೋರ್ಡಮ್ಮನ ಕೈ ತಾನಾಗಿ ಕೀಲಿಮಣೆಯ ಮೇಲೆ ಹೋಯಿತು. ಫೈಲು ತೆರೆದಳು. ಕೆಳಗಿನ ಸೆನ್ಸರಿನ ವಿವರಣೆ ಹುಡುಕಿದಳು. ‘ಓಕೆ’ ಅಳಿಸಿ ‘ಡಿಸೇಬಲ್ಡ್’ ಎಂದು ಬರೆದಳು. ಮ್ಯಾನೇಜರು ಉಸಿರು ಬಿಟ್ಟದ್ದು ಪಕ್ಕದಲ್ಲಿ ಕೇಳಿಸಿತು. ಹೊಸ ಫೈಲು ತಯಾರಾಗಿ ಪರದೆಯ ಮೇಲೆ ಬಂದು ನಿಂತಿತು. ಇನ್ನು ಕಳಿಸುವುದೊಂದೇ ಬಾಕಿ.

ಕಳಿಸುವ ಮುಂಚೆ ಅವಳಿಗೆ ಒಂದು ಶಂಕೆ ಬಂತು. ಈಗ ತಾನು ಬಾಯಿ ಕಟ್ಟುತ್ತಿರುವ ಈ ಸೆನ್ಸರಿಗೆ ಮಾತು ಬಂದಿದ್ದರೆ ಏನೆಂದು ಹೇಳುತ್ತಿತ್ತು?

“ಲೇ, ಲೈನಿನಲ್ಲೇ ಇದ್ದೀಯಾ? ನಿಮ್ಮಲ್ಲಿ ಗಾಜಿನ ಥರ್ಮಾಮೀಟರ್ ಇದೆ ತಾನೆ? ಅದನ್ನ ಕೆಳಗಿನ ಶೆಲ್ಫಿನಲ್ಲಿ, ಚೀಲಗಳ ನಡುವೆ ಇಡು.”

“ಪರದೆ ಮೇಲೆ ನಾಲ್ಕು ಡಿಗ್ರಿ ಅಂತ ಇದೆಯಲ್ಲ.”

“ಅದು ಮೇಲಿನದು. ಕೆಳಗಿನದು ನೋಡಿ ಹೇಳು.”

ಫೋನಿನಲ್ಲಿ ಬಾಗಿಲು ತೆರೆದ ಸದ್ದು, ಮುಚ್ಚಿದ ಸದ್ದು. ಮ್ಯಾನೇಜರು ಗಡಿಯಾರ ನೋಡಿದ, ಕಿಟಕಿ ನೋಡಿದ, ಮತ್ತೆ ಗಡಿಯಾರ ನೋಡಿದ. ಬಹಳ ಹೊತ್ತಾದ ಮೇಲೆ ಬಾಗಿಲು ಮತ್ತೆ ತೆರೆದುಕೊಂಡಿತು.

“ಅತ್ತಿಗೆ.” ನಾದಿನಿಯ ದನಿಯಲ್ಲಿ ಅಳು ಇರಲಿಲ್ಲ. “ಒಂದು ಡಿಗ್ರಿಗಿಂತ ಕೆಳಗಿದೆ. ಗೋಡೆಗೆ ಒತ್ತಿಕೊಂಡಿರೋ ಚೀಲಗಳ ಮೇಲೆ ಹಿಮದ ಪುಡಿ ಇದ್ದಂಗಿದೆ.”

ರಕ್ತ ಮಂಜುಗಟ್ಟಿದರೆ ಮುಗಿಯಿತು. ಕರಗಿಸಿ ಕೊಟ್ಟರೆ ಅದು ರೋಗಿಯ ಮೈಯಲ್ಲಿ ವಿಷ. ಇದನ್ನು ನಾದಿನಿಯೇ ಒಮ್ಮೆ ಊಟ ಮಾಡುವಾಗ ಹೇಳಿದ್ದಳು.

ಆಗುತ್ತಿರುವುದೇನೆಂದು ಬೋರ್ಡಮ್ಮನಿಗೆ ಈಗ ಹೊಳೆಯಿತು. ಬೋರ್ಡು ಎದ್ದಾಗಲೆಲ್ಲ ಮುನ್ನೆಚ್ಚರಿಕೆಗೆಂದು ಮೊದಲು ಕಂಪ್ರೆಸರನ್ನು ಸ್ವಲ್ಪ ಹೊತ್ತು ಓಡಿಸುತ್ತದೆ. ಕೆಳಗಿನ ಸೆನ್ಸರ್ ಸಿಗದೆ ಅಲಾರಂ ಹೊಡೆದು ಬೋರ್ಡು ಮತ್ತೆ ಮಲಗಿ ಏಳುತ್ತದೆ, ಕಂಪ್ರೆಸರು ಮತ್ತೆ ಓಡುತ್ತದೆ. ಬೆಳಗ್ಗೆಯಿಂದ ಹೀಗೇ ನಡೆದು ತಂಪು ತಳದಲ್ಲಿ ಪೇರಿಕೊಳ್ಳುತ್ತಿದೆ. ಅವಳು ಈ ಫೈಲು ಕಳಿಸಿದ್ದರೆ ಕೂಗು ನಿಲ್ಲುತ್ತಿತ್ತು, ಪರದೆ ನಾಲ್ಕು ಡಿಗ್ರಿ ಎಂದು ಹಸಿರಾಗಿ ನಗುತ್ತಿತ್ತು, ಡಾಕ್ಟರಮ್ಮ ಸಹಿ ಹಾಕುತ್ತಿದ್ದರು. ಕೆಳಗಿನ ಶೆಲ್ಫನ್ನು ಯಾರೂ ಬಗ್ಗಿ ನೋಡುತ್ತಿರಲಿಲ್ಲ.

“ಆ ಹೆಂಗಸಿನ ಚೀಲಗಳು ಎಲ್ಲಿವೆ?”

“ಕೆಳಗಿಂದ ಎರಡನೇದರಲ್ಲಿ.”

“ಎಲ್ಲಾ ಎತ್ತಿ ಮೇಲಿಡು. ಗೋಡೆಗೆ ತಾಗದ ಹಾಗೆ. ಥರ್ಮಾಮೀಟರನ್ನ ಅವುಗಳ ಪಕ್ಕಕ್ಕೇ ಇಟ್ಟು ನೋಡ್ತಾ ಇರು. ಡಾಕ್ಟರಮ್ಮನಿಗೆ ಇದ್ದದ್ದು ಇದ್ದ ಹಾಗೆ ಹೇಳು.”

ಅವಳು ತಯಾರಾಗಿದ್ದ ಫೈಲನ್ನು ಅಳಿಸಿದಳು. ಯಜಮಾನರ ಫೋನು ಮತ್ತೆ ಬಂದಾಗ ಮ್ಯಾನೇಜರು ಎದ್ದು ಹೊರಗೆ ಹೋದ. ಗಾಜಿನ ಬಾಗಿಲಾಚೆ ಅವನು ಒಂದು ಕೈಯಲ್ಲಿ ಹಣೆ ಒತ್ತಿಕೊಂಡು, “ಇಲ್ಲ ಸರ್, ಇನ್ನೂ ಕಳಿಸಿಲ್ಲ. ಕಳಿಸಬಾರದು ಅಂತಾನೇ ಕಳಿಸಿಲ್ಲ” ಎನ್ನುವುದು ಕೇಳಿಸಿತು. ಅವನ ಮೇಲೆ ಅವಳಿಗೆ ಮೊದಲ ಸಲ ಮಮತೆ ಹುಟ್ಟಿತು.

ರಕ್ತನಿಧಿಯಲ್ಲಿದ್ದ ಸರ್ವಿಸ್‌ನವನನ್ನು ಎಲ್ಲರೂ ಕರೆಯುತ್ತಿದ್ದದ್ದು ಪಾನಾ ಎಂದು. ಜೇಬಿನಲ್ಲಿ ಪಾನಾ ಇಲ್ಲದೆ ಅವನನ್ನು ಕಂಡವರಿರಲಿಲ್ಲ. ಬೋಲ್ಟು ಬಿಗಿಯುವುದರಲ್ಲಿ ಗಟ್ಟಿಗ. ಪರದೆಯ ಮೇಲೆ ಅಕ್ಷರ ಓಡತೊಡಗಿದರೆ ತಲೆ ಚಿಟ್ಟು ಹಿಡಿಯುತ್ತದೆ ಎನ್ನುವವನು.

“ಲ್ಯಾಪ್‌ಟಾಪ್ ಹಚ್ಚಿದ್ದೀರಾ? ಬೋರ್ಡು ಏಳುವಾಗ ಬರೋ ಸಾಲುಗಳನ್ನ ಓದಿ ಹೇಳಿ.”

“ಬೋರ್ಡಮ್ಮಾ, ಇದು ನಲ್ಲಿ ಬಿಟ್ಟಂಗೆ ಸುರೀತಾ ಇದೆ. ಎಲ್ಲಿಂದ ಓದಲಿ?”

“ಕೆಳಗಿನ ಸೆನ್ಸರಿನ ಮಾತು ಎಲ್ಲಿ ಬರುತ್ತೋ ಅದಕ್ಕಿಂತ ಸ್ವಲ್ಪ ಮೇಲಿಂದ.”

ಅವನು ಮಗ್ಗಿ ಒಪ್ಪಿಸುವವನಂತೆ ಓದತೊಡಗಿದ. ಕಂಪ್ರೆಸರ್ ಸಿಕ್ಕಿತು. ಮೇಲಿನ ಸೆನ್ಸರ್ ಸಿಕ್ಕಿತು. ಆಮೇಲೆ ತಡವರಿಸಿದ. “ಇಲ್ಲಿ ಏನೋ ಇದೆ. ಪಿನ್ ಕೇಳಿದ್ರೆ ಕೊಡ್ತಾ ಇಲ್ಲ. ‘ಈ ಪಿನ್ ಈಗಾಗಲೇ ಮೂರನೇ ಸೀರಿಯಲ್ ಪೋರ್ಟಿನ ಹತ್ತಿರ ಇದೆ’ ಅಂತ ಹೇಳ್ತಾ ಇದೆ.”

“ಇನ್ನೊಂದ್ಸಲ ಓದಿ.”

ಅವನು ಓದಿದ. ಅವಳು ಕನ್ನಡಕ ಏರಿಸಿಕೊಂಡು ತನ್ನ ಮುಂದಿನ ಫೈಲಿನಲ್ಲಿ ಮೂರನೇ ಸೀರಿಯಲ್ ಪೋರ್ಟನ್ನು ಹುಡುಕಿದಳು. ಸ್ಟೇಟಸ್: ಓಕೆ. ಹೊಸ ಮಾಡೆಲಿನ ಫೈಲು ಬರೆಯುವಾಗ ಯಾರೋ ಹಳೆಯ ಮಾಡೆಲಿಗೂ ಸೇರಿದ ಈ ಸಾಮಾನ್ಯ ಫೈಲನ್ನು ಹಾಗೇ ಒಳಗೆ ತೆಗೆದುಕೊಂಡು, ಬೇಕಾದದ್ದನ್ನು ಮಾತ್ರ ಸೇರಿಸುತ್ತ ಹೋಗಿದ್ದರು. ಹೊಸ ಬೋರ್ಡಿನಲ್ಲಿ ಆ ಪಿನ್ನು ಕೆಳಗಿನ ಸೆನ್ಸರಿನದು. ಒಂದು ಪಿನ್ನಿಗೆ ಇಬ್ಬರು ವಾರಸುದಾರರು. ಮೊದಲು ಯಾರು ಎದ್ದರೆ ಪಿನ್ನು ಅವರದು, ಎರಡನೆಯವರಿಗೆ ಬಾಗಿಲು ಬಂದ್. ಇಷ್ಟು ದಿನ ಸೆನ್ಸರೇ ಮೊದಲು ಏಳುತ್ತಿತ್ತು. ಹೋದ ವಾರದ ಅಪ್‌ಡೇಟಿನಲ್ಲಿ ಏಳುವ ಸರದಿ ಅದಲುಬದಲಾಗಿದೆ. ಪರೀಕ್ಷೆಯ ಮೇಜಿನ ಬೋರ್ಡು ಮೆಮೊರಿ ಕಾರ್ಡಿನಿಂದ ನಿಧಾನವಾಗಿ ಏಳುತ್ತದೆ, ಅದರಲ್ಲಿ ಸರದಿ ಬೇರೆ. ಅದಕ್ಕೇ ಅದು ಇಲ್ಲಿ ಜಾಣ ಮಗುವಾಗಿ ಕೂತಿತ್ತು.

ಹಾಗಿದ್ದರೆ ಡಿಸೇಬಲ್ ಮಾಡಬೇಕಾದ್ದು ಸೀರಿಯಲ್ ಪೋರ್ಟನ್ನು. ಕೈ ಮತ್ತೆ ಕೀಲಿಮಣೆಗೆ ಹೋಯಿತು, ಮತ್ತೆ ನಿಂತಿತು. ಆ ಪೋರ್ಟು ನಿಜಕ್ಕೂ ಖಾಲಿಯೇ? ಟಾರ್ಚು ತಗೊಂಡು ಮೇಜಿನ ಬೋರ್ಡನ್ನು ತಿರುವಿ ನೋಡಿದಳು. ಅಂಚಿನಲ್ಲಿ ಬೆಸುಗೆ ಕಾಣದ ಎರಡು ಬರಿಯ ಚುಕ್ಕೆಗಳು. ಇಲ್ಲಿ ಖಾಲಿ. ಆಸ್ಪತ್ರೆಗೆ ಹೋದದ್ದರಲ್ಲಿಯೂ ಖಾಲಿಯೇ ಎಂದು ಹೇಳಬಲ್ಲವರು ಒಬ್ಬರೇ. ಬೋರ್ಡಿನ ನಕ್ಷೆ ಬಿಡಿಸುವವರು, ಒಂದು ಕಾಲಕ್ಕೆ ಕಾಲೇಜಿನಲ್ಲಿ ಪಾಠ ಹೇಳಿದ್ದವರು, ಎಲ್ಲರ ಬಾಯಲ್ಲಿ ನಕ್ಷೆ ಮೇಷ್ಟ್ರು.

ಮೇಷ್ಟ್ರು ಆ ಹೊತ್ತಿಗೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದರು. ಫೋನು ಎತ್ತಿದ ನರ್ಸಮ್ಮ ಅದನ್ನು ಅವರ ಕಿವಿಗೆ ಹಿಡಿದಳು.

“ಮೇಷ್ಟ್ರೇ, ಮಾತಾಡಬೇಡಿ. ಹೌದು ಅಂದ್ರೆ ಒಂದ್ಸಲ ಹೂಂ ಅನ್ನಿ, ಇಲ್ಲ ಅಂದ್ರೆ ಎರಡು ಸಲ. ಹೊಸ ಬೋರ್ಡಿನಲ್ಲಿ ಮೂರನೇ ಸೀರಿಯಲ್ ಪೋರ್ಟಿಗೆ ಏನಾದ್ರೂ ಸೇರಿಸಿದ್ದೀರಾ?”

“ಹೂಂ ಹೂಂ.”

“ಎಲ್ಲಾ ಬೋರ್ಡಿನಲ್ಲೂ ಖಾಲಿನಾ?”

“ಹೂಂ ಹೂಂ.” ಆಮೇಲೆ ಏನೋ ಗಡಿಬಿಡಿ, ಉಗಿದ ಸದ್ದು, ಡಾಕ್ಟರ ಗದರಿಕೆ. ಮರಗಟ್ಟಿದ ತುಟಿಯಿಂದ ಮೇಷ್ಟ್ರ ಮಾತು ಮುದ್ದೆಯಾಗಿ ಹೊರಬಿತ್ತು. “ಹಳೇದ್ರಲ್ಲಿ ಹ್ರಿಂಠರ್. ಹ್ರಿಂಠರ್ ಇದೆ.”

“ಪ್ರಿಂಟರಾ?”

“ಹೂಂ.”

ಹಳೆಯ ಮಾಡೆಲಿನಲ್ಲಿ ತಾಪಮಾನದ ಚೀಟಿ ಅಚ್ಚು ಹಾಕುವ ಪುಟ್ಟ ಪ್ರಿಂಟರು ಅದೇ ಪೋರ್ಟಿಗೆ ಸೇರಿತ್ತು. ಅವಳ ಪರದೆಯ ಮೇಲೆ ಆಗ ತೆರೆದಿದ್ದದ್ದು ಎರಡೂ ಮಾಡೆಲಿಗೆ ಸಾಮಾನ್ಯವಾದ ಫೈಲು. ಅದರಲ್ಲಿ ಡಿಸೇಬಲ್ ಮಾಡಿ, ನಾಳೆ ಎಲ್ಲರಿಗೂ ಅಪ್‌ಡೇಟ್ ಹೋಗಿದ್ದರೆ, ಎಷ್ಟೋ ಊರಿನ ಹಳೆಯ ಫ್ರಿಜ್ಜುಗಳ ಪ್ರಿಂಟರು ಒಟ್ಟಿಗೆ ಸತ್ತು ಬೀಳುತ್ತಿದ್ದವು. ಅವಳು ಆ ಫೈಲನ್ನು ಮುಚ್ಚಿ, ಹೊಸ ಬೋರ್ಡಿನದೇ ಆದ ಫೈಲನ್ನು ತೆರೆದು, ಅಲ್ಲಿ ಮೂರನೇ ಪೋರ್ಟಿನ ಮುಂದೆ ‘ಡಿಸೇಬಲ್ಡ್’ ಎಂದು ಬರೆದಳು. ಕೆಳಗಿನ ಸೆನ್ಸರು ಓಕೆಯಾಗಿಯೇ ಉಳಿಯಿತು.

“ಮೇಷ್ಟ್ರೇ, ಬಾಯಿ ತೆರೀರಿ ಇನ್ನು” ಎಂದು ಫೋನಿಟ್ಟಳು.

ಫೈಲು ಪಾನಾಗೆ ಹೋಯಿತು. ಅವನು ತಂತಿ ಚುಚ್ಚಿ ಅದನ್ನು ಬೋರ್ಡಿಗೆ ತುಂಬಿದ. ಫೋನು ಮೇಜಿನ ಮೇಲೆ ಸ್ಪೀಕರಿನಲ್ಲಿತ್ತು. ಮ್ಯಾನೇಜರು ಒಳಗೆ ಬಂದು ಗೋಡೆಗೆ ಒರಗಿ ನಿಂತಿದ್ದ. ಅಲಾರಂ ನಿಂತಿತು. ಬೋರ್ಡು ಮಲಗಿತು ಎಂದು ಪಾನಾ ಹೇಳಿದ. ಆ ಕಡೆಯಿಂದ ಯಾರದೋ ಚಪ್ಪಲಿಯ ಸದ್ದು ಮಾತ್ರ ಬರುತ್ತಿತ್ತು.

“ಎದ್ದಿತು. ಮೇಲಿನದು ನಾಲ್ಕು.” ಎಂದ ಪಾನಾ. “ಕೆಳಗಿನದು... ಕೆಳಗಿನದು ಬಂತು ಬೋರ್ಡಮ್ಮಾ. ಸೊನ್ನೆ ಮುಟ್ಟೋದರಲ್ಲಿದೆ. ಕಂಪ್ರೆಸರು ತಾನಾಗೇ ನಿಂತಿತು.”

“ಆರಿಸಿ ಮತ್ತೆ ಹಚ್ಚಿ.”

“ಈಗಷ್ಟೇ ಸರಿಹೋಯ್ತಲ್ಲ.”

“ಹಚ್ಚಿ.”

ಮತ್ತೆ ಎದ್ದಿತು. ಮತ್ತೂ ಒಮ್ಮೆ. ಕೆಳಗಿನ ಸೆನ್ಸರು ಪ್ರತಿ ಸಲವೂ ಬಂತು. ಅವಳು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಾಗ ಬೆನ್ನು ಬೆವರಿನಿಂದ ಅಂಟಿಕೊಂಡಿತು.

ಆದರೆ ರಕ್ತನಿಧಿಯಲ್ಲಿ ಅಷ್ಟಕ್ಕೇ ಮುಗಿಯಲಿಲ್ಲ. ಡಾಕ್ಟರಮ್ಮ ಬಂದು ಒಂದೊಂದು ಚೀಲವನ್ನೂ ಬೆಳಕಿಗೆ ಹಿಡಿದು ನೋಡಿದರು. ತಳದ ಶೆಲ್ಫಿನಲ್ಲಿದ್ದದ್ದನ್ನೆಲ್ಲ, ಮಂಜು ಮುಟ್ಟಿದ್ದನ್ನೂ ಮುಟ್ಟದ್ದನ್ನೂ ಬೇರೆ ಮಾಡದೆ, ಎಸೆಯಲು ಬರೆದುಕೊಟ್ಟರು. ಆ ಹೆಂಗಸಿನ ಚೀಲಗಳ ಮುಂದೆ ಬಹಳ ಹೊತ್ತು ನಿಂತರು. ಥರ್ಮಾಮೀಟರ್ ಎಲ್ಲಿಟ್ಟಿದ್ದೆ, ಯಾವಾಗ ಎಷ್ಟಿತ್ತು, ಚೀಲ ಎತ್ತಿದ್ದು ಯಾವಾಗ ಎಂದು ನಾದಿನಿಯನ್ನು ಪೊಲೀಸರಂತೆ ಕೇಳಿದರು. ಚೀಲಗಳಿಂದ ಚೂರು ಚೂರು ರಕ್ತ ತೆಗೆಸಿ ಪರೀಕ್ಷೆ ಮಾಡಿಸಿದರು. ಕೊನೆಗೆ ಸಹಿ ಹಾಕಿದರು. ಆಪರೇಷನ್ ತಡವಾಗಿ ಶುರುವಾಯಿತು, ಆದರೆ ನಡೆಯಿತು. ಆ ಹೆಂಗಸು ಬದುಕಿದಳು.

ಸಂಜೆ ನಾದಿನಿ ಮನೆಗೆ ಬಂದವಳು ಯಾರನ್ನೂ ಮಾತಾಡಿಸದೆ ಸ್ನಾನದ ಮನೆಗೆ ಹೋದಳು. “ಇವಳಿಗೇನಾಯ್ತು, ಮೋರೆ ಗಂಟು ಹಾಕಿಕೊಂಡಿದ್ದಾಳೆ” ಎಂದು ಅತ್ತೆ ಕೇಳಿದರು. ಗಂಡ ತನಗೇನೂ ಗೊತ್ತಿಲ್ಲ ಎಂಬಂತೆ ಪೇಪರು ಎತ್ತಿಕೊಂಡ. ಬೋರ್ಡಮ್ಮ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿರುವಾಗ ನಾದಿನಿ ಬಂದು ಬಾಗಿಲಲ್ಲಿ ನಿಂತಳು.

“ಅದನ್ನ ಸುಮ್ಮನಾಗಿಸೋದು ನಿಮ್ಮ ಕೈಯಲ್ಲಿತ್ತಂತೆ. ಪಾನಾ ಹೇಳಿದ.”

“ಇತ್ತು.”

“ನಾನು ಫೋನಿನಲ್ಲಿ ಅಷ್ಟು ಅಂಗಲಾಚಿದೆ. ಎಲ್ಲರ ಮುಂದೆ ಬೈಸಿಕೊಂಡೆ.”

“ಬರೆದು ಇಟ್ಟಿದ್ದೆ ಕಣೆ. ನಿನ್ನ ದನಿ ಕೇಳಿ ಬರೆದುಬಿಟ್ಟಿದ್ದೆ. ಕಳಿಸೋದೊಂದೇ ಬಾಕಿ ಇತ್ತು.” ಬೋರ್ಡಮ್ಮ ನಲ್ಲಿ ನಿಲ್ಲಿಸಿದಳು. “ಕಳಿಸಿಬಿಟ್ಟಿದ್ರೆ ಆ ಚೀಲಗಳು ಹಾಗೇ ಹೊರಗೆ ಹೋಗ್ತಿದ್ವು.”

ನಾದಿನಿ ಒರೆಸುವ ಬಟ್ಟೆ ತಗೊಂಡು ಒಂದು ತಟ್ಟೆ ಒರೆಸಿದಳು, ಆಮೇಲೆ ಇನ್ನೊಂದು. “ಎಸೆದ ಚೀಲಗಳಲ್ಲಿ ಒಂದು ಒಬ್ಬ ಹಿರಿಯ ಬಸ್ ಕಂಡಕ್ಟರದ್ದು. ಪ್ರತಿ ಸಲ ತಾವಾಗೇ ಬಂದು ಕೊಟ್ಟುಹೋಗ್ತಾರೆ. ಅವರಿಗೆ ಏನು ಹೇಳಲಿ ಅತ್ತಿಗೆ?” ಎಂದಳು. ಬೋರ್ಡಮ್ಮ ಇನ್ನೊಂದು ತಟ್ಟೆ ತೊಳೆದು ಅವಳ ಕೈಗೆ ಕೊಟ್ಟಳು. ಇಬ್ಬರೂ ಉಳಿದ ಪಾತ್ರೆಗಳನ್ನು ಮುಗಿಸಿದರು.

ಮುಂದಿನ ವಾರಗಳಲ್ಲಿ ಮ್ಯಾನೇಜರು ಅವಳನ್ನು ಬೇರೆ ಕೆಲಸದಿಂದ ಬಿಡಿಸಿದ. ಕಾರ್ಖಾನೆಯಿಂದ ಹೊರಹೋದ ಪ್ರತಿಯೊಂದು ಮಾಡೆಲಿನ ಬೋರ್ಡನ್ನೂ ಅದರ ಫೈಲನ್ನೂ ಎದುರಾಬದುರು ಇಟ್ಟು ನೋಡಬೇಕು ಎಂದ. ಹಲ್ಲು ಸರಿಹೋದ ನಕ್ಷೆ ಮೇಷ್ಟ್ರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳು ಸಾಲು ಸಾಲಾಗಿ ನೋಡುತ್ತ ಹೋದಳು. ಇಲ್ಲದ ಭಾಗಕ್ಕೆ ಓಕೆ ಎಂದದ್ದು ಅಲ್ಲಲ್ಲಿ ಸಿಕ್ಕಿತು. ಅವಳನ್ನು ಬೆಚ್ಚಿಬೀಳಿಸಿದ್ದು ಅದಲ್ಲ. ಫ್ರಿಜ್ಜಿನ ಬಾಗಿಲು ತೆರೆದೇ ಉಳಿದರೆ ಎಚ್ಚರಿಸುವ ಸ್ವಿಚ್ಚನ್ನು ಯಾರೋ ಯಾವತ್ತೋ, ಪರೀಕ್ಷೆಯ ಮೇಜಿನ ಮೇಲೆ ಕಿರುಚುತ್ತದೆ ಎಂದು ಡಿಸೇಬಲ್ ಮಾಡಿ ಹಾಗೇ ಬಿಟ್ಟಿದ್ದರು. ಸ್ವಿಚ್ಚು ಎಲ್ಲ ಫ್ರಿಜ್ಜಿನಲ್ಲೂ ಇತ್ತು. ಒಂದೂ ಯಾವತ್ತೂ ಉಸಿರೆತ್ತಿರಲಿಲ್ಲ.

“ಇದನ್ನ ಎಬ್ಬಿಸಿದ್ರೆ ಗಿರಾಕಿಗಳು ನಮ್ಮ ತಲೆ ತಿಂತಾರೆ” ಎಂದರು ಮೇಷ್ಟ್ರು.

“ತಿನ್ನಲಿ” ಎಂದು ಅವಳು ಓಕೆ ಬರೆದಳು.

ಅಪ್‌ಡೇಟ್ ಹೋದ ಮಾರನೆಯ ದಿನ ನಾದಿನಿಯ ಫೋನು ಬಂತು.

“ಅತ್ತಿಗೆ, ಬಾಗಿಲು ತೆಗೆದು ನಿಂತ್ರೆ ಈ ಪಿಶಾಚಿ ಕಿರುಚುತ್ತೆ ಈಗ. ನಮ್ಮವರಿಗೆ ಬಾಗಿಲು ತೆಗೆದಿಟ್ಕೊಂಡೇ ಊರ ಸುದ್ದಿ ಮಾತಾಡೋ ಚಾಳಿ.”

“ಏನು ಮಾಡೋಣ ಅಂತೀಯ?”

“ಕಿರುಚಲಿ ಬಿಡಿ” ಎಂದಳು ನಾದಿನಿ. “ಸಂಜೆ ಬರ್ತಾ ಸೋಪಿನ ಪುಡಿ ತರಬೇಕಂತೆ, ಅಮ್ಮ ಹೇಳಿದ್ಲು.”